ಅಕಿಲಿಸ್ ನೋವು: ಮೂರು ವಾರ ರೆಸ್ಟ್ ಕೊಟ್ಟರೂ ಓಡಿದ ಮರುದಿನ ಮತ್ತೆ ಹಾಜರ್

ಪ್ರಶ್ನೆ:
ಎಡಗಾಲಿನ ಅಕಿಲಿಸ್‌ನಲ್ಲಿ (ಮೀನಖಂಡವನ್ನು ಹಿಮ್ಮಡಿಗೆ ಸೇರಿಸೋ ಟೆಂಡನ್, ಅಂದರೆ ಗಟ್ಟಿ ನಾರು), ಹಿಮ್ಮಡಿ ಮೂಳೆಯಿಂದ ಎರಡು ಬೆರಳು ಮೇಲೆ ನೋವು. ಬೆಳಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲವರೆಗೆ ಕುಂಟಬೇಕು, ಹತ್ತು ನಿಮಿಷದಲ್ಲಿ ಸಡಿಲ ಆಗುತ್ತೆ. ಓಟ ವಾರಕ್ಕೆ 20 ಕಿ.ಮೀ.ನಿಂದ 35ಕ್ಕೆ ಏರಿತ್ತು. ಅದೇ ಹೊತ್ತಿಗೆ 10 ಮಿ.ಮೀ. ಡ್ರಾಪ್ (ಶೂನಲ್ಲಿ ಹಿಮ್ಮಡಿ ಮುಂಗಾಲಿಗಿಂತ ಎಷ್ಟು ಎತ್ತರ ಅನ್ನೋದು) ಶೂ ಬದಲು 4 ಮಿ.ಮೀ.ದು ಬಂತು. ಮೂರು ವಾರ ಓಡದೇ ಇದ್ದಾಗ ನೋವು ಮಾಯ. ಕಬ್ಬನ್ ಪಾರ್ಕ್‌ನಲ್ಲಿ 5 ಕಿ.ಮೀ. ಓಡಿದ ಮರುದಿನ ಮತ್ತೆ ಅದೇ. ಬೆಂಗಳೂರಿನ 10 ಕಿ.ಮೀ. ರೇಸ್ ವರ್ಲ್ಡ್ 10ಕೆಗೆ 14 ವಾರ ಇದೆ. ಏನು ಮಾಡಲಿ?

ಉತ್ತರ 1:
ಸರ್, ಒಂದೇ ಸಲ ಎರಡು ಬದಲಾವಣೆ ಆಗಿದೆ: ದೂರ ಏರಿತು, ಹಿಮ್ಮಡಿ ಇಳಿಯಿತು. ಡ್ರಾಪ್ ಕಮ್ಮಿ ಆದಷ್ಟೂ ಅಕಿಲಿಸ್ ಮೇಲೆ, ಮೀನಖಂಡದ ಮೇಲೆ ಎಳೆತ ಜಾಸ್ತಿ. ಸದ್ಯಕ್ಕೆ ಹಳೇ ಶೂಗೇ ವಾಪಸ್ ಹೋಗಿ.

ರೆಸ್ಟ್‌ನಿಂದ ಕೆರಳಿದ್ದು ತಣ್ಣಗಾಗುತ್ತೆ, ಅಷ್ಟೇ. ಟೆಂಡನ್‌ಗೆ ಬಲ ಬರೋದು ಭಾರ ಹೊತ್ತಾಗ. ಮೂರು ವಾರ ಸುಮ್ಮನಿದ್ದರೆ ಮೀನಖಂಡವೂ ಸೊರಗುತ್ತೆ, ಆಮೇಲೆ ನೇರ 5 ಕಿ.ಮೀ. ಓಡಿದರೆ ಅದು ತಡೆಯಲ್ಲ.

ಮೆಟ್ಟಿಲ ಅಂಚಿನಲ್ಲಿ ಮುಂಗಾಲಷ್ಟೇ ಊರಿ, ಗೋಡೆ ಹಿಡಿದು ನಿಲ್ಲಿ. ಮೂರು ಸೆಕೆಂಡಲ್ಲಿ ಮೇಲೆ, ಮೂರು ಸೆಕೆಂಡಲ್ಲಿ ಕೆಳಗೆ. ಮೊದಲು ಎರಡೂ ಕಾಲಲ್ಲಿ, 15ರ ಮೂರು ಸೆಟ್, ಸೆಟ್ ನಡುವೆ ಎರಡು ನಿಮಿಷ ಬಿಡುವು. ಸಲೀಸಾದಾಗ ಒಂಟಿ ಕಾಲಲ್ಲಿ. ಅದೂ ಸಲೀಸಾದರೆ ಬೆನ್ನಿಗೆ ಬ್ಯಾಗ್ ಹಾಕಿ, ಒಳಗೆ 5 ಕೆ.ಜಿ. ಅಕ್ಕಿ ಚೀಲ, ಆಗ 8 ಸಲ ಸಾಕು. ದಿನ ಬಿಟ್ಟು ದಿನ ಮಾಡಿ, ಕನಿಷ್ಠ 12 ವಾರ. ಎರಡೇ ವಾರಕ್ಕೆ ನೋವು ಇಳಿಯಿತು ಅಂತ ನಿಲ್ಲಿಸೋರೇ ಹೆಚ್ಚು, ಅಲ್ಲೇ ಎಲ್ಲಾ ಕೆಡೋದು.

ಉತ್ತರ 2:
ಒಂದು ಮಾತು ಸೇರಿಸ್ತೀನಿ. ನೋವು ಎರಡು ಬೆರಳು ಮೇಲಿದ್ದರೆ ಮೇಲಿನ ಕ್ರಮ ಸರಿ. ಟೆಂಡನ್ ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಡಿ, ಸಮತಟ್ಟು ನೆಲದ ಮೇಲೇ ಮಾಡಿ. ಇಳಿಸಿದರೆ ಟೆಂಡನ್ ಮೂಳೆಗೆ ಒತ್ತಿಕೊಂಡು ನೋವು ಕೆರಳುತ್ತೆ. ಗೋಡೆಗೆ ಒರಗಿ ಮೀನಖಂಡ ಎಳೆಯೋ ಸ್ಟ್ರೆಚ್ ಕೂಡ ಅವರಿಗೆ ಬೇಡ.

"ಟಪ್" ಅಂತ ಸದ್ದಾಗಿ, ಹಿಂದಿನಿಂದ ಯಾರೋ ಒದ್ದ ಹಾಗೆ ಅನ್ನಿಸಿ, ತುದಿಗಾಲಲ್ಲಿ ನಿಲ್ಲಕ್ಕೇ ಆಗದಿದ್ದರೆ ವ್ಯಾಯಾಮದ ಮಾತೇ ಬೇಡ. ಬೋರಲು ಮಲಗಿ ಯಾರಾದರೂ ಮೀನಖಂಡ ಹಿಂಡಿದಾಗ ಪಾದ ಅಲುಗದಿದ್ದರೆ ಟೆಂಡನ್ ಹರಿದಿರಬಹುದು, ಅವತ್ತೇ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಸಿಪ್ರೋಫ್ಲಾಕ್ಸಾಸಿನ್ ಥರದ ಆ್ಯಂಟಿಬಯಾಟಿಕ್ ತಗೊಂಡಿದ್ದರೆ ಡಾಕ್ಟರ್‌ಗೆ ತಪ್ಪದೆ ಹೇಳಿ, ಅವು ಟೆಂಡನ್‌ಗೆ ಹಾನಿ ಮಾಡಬಹುದು.

ಪ್ರಶ್ನೆ ಕೇಳಿದವರು:
ಮಾಡುವಾಗಲೇ ಸ್ವಲ್ಪ ನೋಯುತ್ತೆ. ನಿಲ್ಲಿಸಬೇಕಾ? ಓಟ ಯಾವಾಗ ಶುರು ಮಾಡಬಹುದು?

ಉತ್ತರ 1:
ನೋವಿಗೆ ಹತ್ತಕ್ಕೆ ಅಂಕ ಕೊಡಿ. ಐದರೊಳಗಿದ್ದು, ಮರುದಿನ ಬೆಳಗ್ಗೆ ಬಿಗಿತ ಎಂದಿನಷ್ಟೇ ಇದ್ದರೆ ಮುಂದುವರಿಸಿ. ಬಿಗಿತ ಜಾಸ್ತಿ ಆದರೆ ಹಿಂದಿನ ಸಲದ ಭಾರ ಹೆಚ್ಚಾಯಿತು ಅಂತ ಅರ್ಥ, ಒಂದು ಹೆಜ್ಜೆ ಇಳಿಸಿ. ಬಚ್ಚಲಿಗೆ ಹೋಗೋ ಆ ಮೊದಲ ಇಪ್ಪತ್ತು ಹೆಜ್ಜೆಗಿಂತ ನಂಬಿಕಸ್ಥ ಅಳತೆ ಮನೇಲಿ ಬೇರೆ ಇಲ್ಲ, ದಿನಾ ಬರೆದಿಡಿ.

ಓಟಕ್ಕೆ ಮೊದಲು ಮೂರು ಆಗಬೇಕು: 30 ನಿಮಿಷ ಬಿರುಸು ನಡಿಗೆ, ನೋಯುವ ಕಾಲೊಂದರಲ್ಲೇ 20-25 ಸಲ ಹಿಮ್ಮಡಿ ಎತ್ತೋದು, ಅದೇ ಕಾಲಲ್ಲಿ 20 ಸಲ ಕುಪ್ಪಳಿಸೋದು. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಎಂಟು ಸಲ. ವಾರಕ್ಕೆ ಮೂರೇ ದಿನ. ಓಟದ ಮರುದಿನ ಓಡಬೇಡಿ, ಟೆಂಡನ್ ಸುಧಾರಿಸಿಕೊಳ್ಳೋಕೆ ಸ್ನಾಯುಗಿಂತ ನಿಧಾನ. ಎರಡು ವಾರದಲ್ಲಿ 3 ನಿಮಿಷ ಓಟ, 1 ನಿಮಿಷ ನಡಿಗೆಗೆ ಬನ್ನಿ. ನಿಲ್ಲದೆ 30 ನಿಮಿಷ ಓಡೋವರೆಗೂ ವೇಗ ಮುಟ್ಟಬೇಡಿ.

ಉತ್ತರ 2:
ಜಾಗಾನೂ ನೋಡಿಕೊಳ್ಳಿ. ಏರುದಾರಿಯಲ್ಲಿ ಹಿಮ್ಮಡಿ ಕೆಳಗಿಳಿದು ಟೆಂಡನ್ ಪೂರ್ತಿ ಎಳೆಯುತ್ತೆ, ಆದ್ದರಿಂದ ನಂದಿಬೆಟ್ಟ, ಲಾಲ್‌ಬಾಗ್ ಬಂಡೆ ಎರಡೂ ಸದ್ಯಕ್ಕೆ ಬೇಡ. ಕಬ್ಬನ್ ಪಾರ್ಕ್‌ನ ಸಮತಟ್ಟು ದಾರಿ ಸಾಕು. ನಮ್ಮ ಫುಟ್‌ಪಾತ್‌ಗಳ ಎದ್ದ ಚಪ್ಪಡಿ ಮೇಲೆ ಓಡೋದಂತೂ ಬೇಡವೇ ಬೇಡ.

14 ವಾರದಲ್ಲಿ ಮೊದಲ ನಾಲ್ಕು ಬರೀ ಬಲಕ್ಕೆ ಕೊಡಿ, ಮುಂದಿನ ನಾಲ್ಕು ಓಟ-ನಡಿಗೆಗೆ. ಹತ್ತನೇ ವಾರದ ಹೊತ್ತಿಗೆ ನಿಲ್ಲದೆ 30 ನಿಮಿಷ ಓಡಕ್ಕಾಗದಿದ್ದರೆ ಈ ಸಲ ಸಮಯದ ಗುರಿ ಬಿಟ್ಟು, ನಡುನಡುವೆ ನಡೆದು ಮುಗಿಸಿ. ರೇಸ್ ವಾರದಲ್ಲಿ ಅಕ್ಕಿ ಚೀಲದ ವ್ಯಾಯಾಮ ಒಂದೇ ಸಲ, ಅದೂ ನಾಲ್ಕು ದಿನ ಮುಂಚೆ.