ನಮ್ಮವರ ನಡುವೆಯೇ ಇದ್ದರೆ ಗಳಿಕೆ ಹೆಚ್ಚುತ್ತಾ, ಕಮ್ಮಿ ಆಗುತ್ತಾ?

ಇಂಡಿಯವಳು, ಪಿಂಪ್ರಿ
ನಮ್ಮದು ವಿಜಯಪುರ ಜಿಲ್ಲೆ, ಇಂಡಿ ತಾಲೂಕು. ಮದುವೆಯಾದ ಮೇಲೆ ಪುಣೆಗೆ ಬಂದೆ. ನಮ್ಮ ಮನೆಯವರು ಸೆಂಟ್ರಿಂಗ್ ಮಿಸ್ತ್ರಿ, ಕಟ್ಟಡದ ಸ್ಲ್ಯಾಬಿಗೆ ಅಚ್ಚು ಕಟ್ಟುವ ಕೆಲಸ. ಕೆಲಸ ಕೊಡಿಸುವ ಮುಕಾದಮ ನಮ್ಮ ಕಡೆಯವರೇ. ಇರೋಕೆ ಬಾಡಿಗೆ ಖೋಲಿ ಹುಡುಕಿ ಕೊಟ್ಟವರೂ ಅವರೇ. ಮಗಳಿಗೆ ಡೆಂಗಿ ಆದಾಗ ರಾತ್ರಿಯೇ ದುಡ್ಡು ತಂದು ಕೈಗಿಟ್ಟರು. ಅದನ್ನು ನಾನು ಮರೆಯೋದಿಲ್ಲ. ಆದರೆ ದಿನದ ಹಾಜರಿ, ಅಂದರೆ ದಿನಗೂಲಿ ಮಾತ್ರ, ಕೂಲಿಯವರು ಬೆಳಿಗ್ಗೆ ಕೆಲಸಕ್ಕೆ ಕಾದು ನಿಲ್ಲುವ ಮಜೂರ್ ಅಡ್ಡಾದಿಂದ ಹೋಗುವ ಮಿಸ್ತ್ರಿಗಳಿಗಿಂತ ಕಮ್ಮಿ. ಕೇಳೋಕೆ ಇವರಿಗೆ ಸಂಕೋಚ. "ನಮ್ಮವರು ಅಲ್ವಾ, ಹೆಂಗ್ ಕೇಳೋದು?" ಅಂತಾರೆ.

ಮೈದುನ ಹೇಳೋದು: ಕನ್ನಡದವರೇ ಇರುವ ಈ ಓಣಿ ಬಿಡಿ, ಮರಾಠಿಯವರ ನಡುವೆ ಮನೆ ಮಾಡಿ, ಮಕ್ಕಳ ಜೊತೆಗೂ ಮರಾಠಿಯಲ್ಲೇ ಮಾತಾಡಿ, ಆಗ ಮುಂದೆ ಬರ್ತೀರಿ. ಇದನ್ನು ಕೇಳಿದಾಗಿನಿಂದ ಅತ್ತೆ ಸರಿಯಾಗಿ ಊಟ ಮಾಡ್ತಿಲ್ಲ. ಮೊಮ್ಮಕ್ಕಳು ತನ್ನ ಜೊತೆ ಮಾತೇ ಆಡದ ಹಾಗೆ ಆಗ್ತಾರೆ ಅನ್ನೋ ಭಯ ಅವರಿಗೆ. ನಿಜವಾಗಿ ಯಾವುದು ಸರಿ?

ಡೊಂಬಿವಲಿಯಿಂದ
ತಂಗಿ, ನಾನು ಕುಂದಾಪುರದ ಕಡೆಯವನು. ಮುಂಬೈ ಫೋರ್ಟಿನ ಹೋಟೆಲೊಂದಕ್ಕೆ ಹುಡುಗನಾಗಿ ಸೇರಿದೆ. ಧಣಿ ನಮ್ಮ ಊರಿನವರು. ಹಗಲು ಟೇಬಲ್ ಒರೆಸೋದು, ಸಂಜೆ ಕನ್ನಡ ರಾತ್ರಿ ಶಾಲೆ. ಅಲ್ಲೇ ಮೆಟ್ರಿಕ್ ಪಾಸಾದೆ, ಆಮೇಲೆ ಬ್ಯಾಂಕ್ ಕೆಲಸ ಸಿಕ್ಕಿತು. ನಮ್ಮವರು ಇಲ್ಲದಿದ್ದರೆ ನನಗೆ ಆ ಶಾಲೆ ಎಲ್ಲಿತ್ತು?

ಕರಾವಳಿಯವರು ಮುಂಬೈಯಲ್ಲಿ ಕೂಡಿ ಬಾಳಿದರು ಅಷ್ಟೇ ಅಲ್ಲ, ಕಟ್ಟಿದರು. ಮೊಗವೀರರ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು. ಬಿಲ್ಲವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ತೆರೆದರು. ಮನೆಯಲ್ಲಿ ತುಳು, ಕನ್ನಡ ಬಿಡಲಿಲ್ಲ. ಆದರೆ ಗಲ್ಲಾದ ಮೇಲೆ ಕೂತವನಿಗೆ ಮರಾಠಿ ಬರಲೇಬೇಕಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು ಅಂತ ನಿಮ್ಮ ಮೈದುನ ಯಾಕೆ ಅಂದುಕೊಂಡರೋ ಗೊತ್ತಿಲ್ಲ. ನನ್ನ ಮಕ್ಕಳು ಮೂರೂ ಭಾಷೆ ಆಡ್ತಾರೆ.

ಕೋಥ್ರೂಡ್ ಮೇಷ್ಟ್ರು
ಇದನ್ನು ಸ್ವೀಡನ್ನಿನಲ್ಲಿ ಅಳೆದು ನೋಡಿದ್ದಾರೆ. 1985ರಿಂದ ಅಲ್ಲಿನ ಸರ್ಕಾರ ನಿರಾಶ್ರಿತರನ್ನು ತಾನೇ ಬೇರೆ ಬೇರೆ ಊರುಗಳಿಗೆ ಹಂಚಿ ಕಳಿಸುತ್ತಿತ್ತು. ಹಾಗಾಗಿ ತಮ್ಮ ದೇಶದವರು ಜಾಸ್ತಿ ಇರುವ ಊರು ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. 2003ರಲ್ಲಿ ಬಂದ ಅಧ್ಯಯನದ ಪ್ರಕಾರ, ಹೆಚ್ಚು ಓದದವರಿಗೆ ತಮ್ಮವರ ನಡುವೆ ಇದ್ದದ್ದರಿಂದ ಗಳಿಕೆ ಹೆಚ್ಚಿತು. ಆದರೆ ಆ ಲಾಭ ಎಲ್ಲರಿಗೂ ಒಂದೇ ಅಲ್ಲ. ಚೆನ್ನಾಗಿ ಗಳಿಸುವ ಸಮುದಾಯದವರಿಗೆ ಜಾಸ್ತಿ, ಬಡ ಸಮುದಾಯದವರಿಗೆ ಕಮ್ಮಿ.

ಡೊಂಬಿವಲಿಯವರ ಮಾತಿಗೆ ನಾನು ಇಷ್ಟು ಸೇರಿಸುತ್ತೇನೆ. ಕರಾವಳಿಯವರಲ್ಲಿ ಹೋಟೆಲ್ ಧಣಿಗಳಿದ್ದರು, ಬ್ಯಾಂಕ್ ಇತ್ತು. ವಿಜಯಪುರ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬರುವವರು ಮಳೆ ಬಿದ್ದರೆ ಹೊಲಕ್ಕೆ ವಾಪಸ್ ಹೋಗಬೇಕು. ಅವರ ಕೈಯಲ್ಲಿ ಸಂಘ ಕಟ್ಟುವಷ್ಟು ದುಡ್ಡಾಗಲಿ ಸಮಯವಾಗಲಿ ಎಲ್ಲಿದೆ? ಅಲ್ಲಿ ನಮ್ಮವರು ಅಂದರೆ ಮುಕಾದಮನೊಬ್ಬನೇ. ತೊಂದರೆ ಕನ್ನಡದ್ದಲ್ಲ ತಾಯಿ. ಕೆಲಸ, ಖೋಲಿ, ಸಾಲ ಮೂರೂ ಒಬ್ಬನ ಕೈಯಲ್ಲಿರೋದೇ ತೊಂದರೆ.

ಹಡಪಸರದ ಸೂಪರ್‌ವೈಸರ್
ಅಕ್ಕಾ, ಮನೆ ಬದಲಿಸುವ ಮೊದಲು ಅಣ್ಣನ ಹೆಸರು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಬರೆಸಿ. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು, ಅದಕ್ಕೆ ಪ್ರಮಾಣಪತ್ರ ಬೇಕು. ಮಕ್ಕಳ ಓದಿಗೆ ನೆರವು ಸಿಗುತ್ತೆ. ಊರಿನ ರೇಷನ್ ಕಾರ್ಡ್ ಮೇಲೆ ಇಲ್ಲೂ ಧಾನ್ಯ ತಗೋಬಹುದು. ಇಷ್ಟಾದರೆ ಎಲ್ಲದಕ್ಕೂ ಮುಕಾದಮನ ಮುಖ ನೋಡೋದು ತಪ್ಪುತ್ತೆ, ಹಾಜರಿ ಕೇಳೋಕೆ ಬಾಯಿ ಬರುತ್ತೆ.

ಇಂಡಿಯವಳು, ಪಿಂಪ್ರಿ
ಮೇಷ್ಟ್ರೇ, ನೀವು ಹೇಳಿದ್ದನ್ನು ಇವರಿಗೆ ಓದಿ ಹೇಳಿದೆ. ಸುಮ್ನೆ ಕೂತು ಕೇಳಿದರು, ಆಮೇಲೆ ಇನ್ನೊಂದು ಸಲ ಓದು ಅಂದರು. ಓಣಿ ಬಿಡೋದಿಲ್ಲ. ಅತ್ತೆಗೂ ಹೇಳಿದ್ದೇನೆ. ತಮ್ಮಾ, ಒಂದು ಮಾತು: ಆ 90 ದಿನದ ಕಾಗದಕ್ಕೆ ಮುಕಾದಮ ಸಹಿ ಹಾಕದಿದ್ದರೆ?

ಹಡಪಸರದ ಸೂಪರ್‌ವೈಸರ್
ಮಹಾನಗರಪಾಲಿಕೆಯಿಂದಲೂ ಆ ಪ್ರಮಾಣಪತ್ರ ತಗೋಬಹುದು ಅಕ್ಕಾ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ ಜೊತೆಗಿರಲಿ.