ಆಡಿಯೋ ಸಿಡಿ ಕಾಪಿ ಮಾಡಿದ್ರೆ 1 ಕೆಬಿ ಫೈಲು ಬರ್ತಿದೆ, ಸರಿಯಾದ ದಾರಿ ಯಾವುದು?

ಹಳೇಡಿಸ್ಕು:
ಸುಮಾರು 60 ಸಿಡಿ ಕಂಪ್ಯೂಟರಿಗೆ ಹಾಕಬೇಕು. ಹೆಚ್ಚಿನವು ಕರ್ನಾಟಕ ಸಂಗೀತದ ಕಚೇರಿಗಳು, ಸ್ವಲ್ಪ ಭಾವಗೀತೆ, ಉಳಿದವು ಮೇಲೆ ‘100 ಹಾಡುಗಳು’ ಅಂತ ಬರೆದಿರೋ ಚಿತ್ರಗೀತೆ ಡಿಸ್ಕುಗಳು. ವಿಂಡೋಸ್ 10 ಲ್ಯಾಪ್‌ಟಾಪು, ಯುಎಸ್‌ಬಿ ಡಿವಿಡಿ ಡ್ರೈವ್. ಎಲ್ಲಾ ಸೆಲೆಕ್ಟ್ ಮಾಡಿ ಫೋಲ್ಡರಿಗೆ ಪೇಸ್ಟ್ ಮಾಡಿದ್ರೆ .ಸಿಡಿಎ ಅನ್ನೋ ಫೈಲುಗಳು, ತಲಾ 1 ಕೆಬಿ. ಸಿಡಿ ತೆಗೆದ್ರೆ ಹಾಡಲ್ಲ.
ಯಾವ ಸಾಫ್ಟ್‌ವೇರ್ ಒಳ್ಳೇದು? ಎಂಪಿ3 ಸಾಕಾ? ಕಚೇರಿ ಸಿಡಿಗಳಲ್ಲಿ ಆಲಾಪನೆ ಒಂದು ಟ್ರ್ಯಾಕು, ಕೃತಿ ಇನ್ನೊಂದು, ತನಿ (ಮೃದಂಗದಂಥ ತಾಳವಾದ್ಯಗಳ ಸರದಿ) ಮತ್ತೊಂದು; ಮಧ್ಯೆ ಕಡಿದ ಹಾಗೆ ಕೇಳಬಾರದು. ಕಾರಿನಲ್ಲೂ ಹಾಕಬೇಕು. ಒಂದು ಡಿಸ್ಕಂತೂ 7ನೇ ಟ್ರ್ಯಾಕಿನಲ್ಲಿ ಟಕಟಕ ಅನ್ನತ್ತೆ.

ಶ್ರುತಿಪೆಟ್ಟಿಗೆ:
.ಸಿಡಿಎ ಹಾಡಲ್ಲ, ಬರೀ ಚೀಟಿ. ಒಂದೊಂದೂ 44 ಬೈಟು. ಎಷ್ಟನೇ ಟ್ರ್ಯಾಕು, ಎಲ್ಲಿ ಶುರು, ಎಷ್ಟು ಉದ್ದ ಅನ್ನೋದಷ್ಟೇ ಅದರಲ್ಲಿರೋದು. ಆಡಿಯೋ ಸಿಡಿಯಲ್ಲಿ ಫೈಲು ಅನ್ನೋದೇ ಇಲ್ಲ, ವಿಂಡೋಸ್ ನಮಗೆ ಕಾಣಲಿ ಅಂತ ಹಾಗೆ ತೋರಿಸುತ್ತೆ.
ಮೊದಲು ಡಿಸ್ಕುಗಳನ್ನ ಎರಡು ಗುಡ್ಡೆ ಮಾಡಿ. ‘100 ಹಾಡು’ ಡಿಸ್ಕುಗಳಲ್ಲಿ ಇರೋದು .ಎಂಪಿ3 ಫೈಲುಗಳೇ, ಯಾಕಂದ್ರೆ ಆಡಿಯೋ ಸಿಡಿಗೆ ಹಿಡಿಸೋದು 74ರಿಂದ 80 ನಿಮಿಷ ಮಾತ್ರ. ಅವನ್ನ ಸುಮ್ಮನೆ ಕಾಪಿ ಪೇಸ್ಟ್ ಮಾಡಿ, ಕೆಲಸ ಮುಗೀತು. ಅವನ್ನ ಮತ್ತೆ ಫ್ಲ್ಯಾಕ್ (ನಾದ ಏನೂ ಕಳೆಯದೆ ಕುಗ್ಗಿಸೋ ಫಾರ್ಮ್ಯಾಟ್) ಮಾಡೋದು ವ್ಯರ್ಥ, ಹೋದ ನಾದ ವಾಪಸ್ ಬರಲ್ಲ.
ಉಳಿದವಕ್ಕೆ ಎಕ್ಸಾಕ್ಟ್ ಆಡಿಯೋ ಕಾಪಿ ಹಾಕ್ಕೊಳ್ಳಿ, ಮನೆ ಬಳಕೆಗೆ ಉಚಿತ. ಫೈಲುಗಳಿರೋ ಡೇಟಾ ಸಿಡಿಯ ಒಂದೊಂದು ಸೆಕ್ಟರಿನ (ಡಿಸ್ಕಿನ ಒಂದು ತುಂಡಿನ) 2352 ಬೈಟಿನಲ್ಲಿ 2048 ಫೈಲಿಗೆ, ಮಿಕ್ಕಿದ್ದು ವಿಳಾಸಕ್ಕೆ ಮತ್ತು ತಪ್ಪು ಹಿಡಿದು ತಿದ್ದೋದಕ್ಕೆ. ಆಡಿಯೋ ಸಿಡಿಯಲ್ಲಿ 2352 ಬೈಟೂ ಸಂಗೀತವೇ. ಹಾಗಾಗಿ ತಿದ್ದಲಾಗದಷ್ಟು ತಪ್ಪು ಓದಿದ್ರೂ ಡ್ರೈವ್ ಮಾತಾಡದೆ ಪಕ್ಕದ ದನಿ ನೋಡಿ ಅಂದಾಜಲ್ಲಿ ತೇಪೆ ಹಾಕಿಬಿಡುತ್ತೆ. ಈ ಸಾಫ್ಟ್‌ವೇರಿನ ಸೆಕ್ಯೂರ್ ಮೋಡ್ ಪ್ರತಿ ಭಾಗವನ್ನೂ ಎರಡು ಸಲ ಓದಿ ತಾಳೆ ನೋಡುತ್ತೆ. ತಾಳೆ ಆಗದಿದ್ರೆ ಅದೇ ಜಾಗವನ್ನ ಮತ್ತೆ ಮತ್ತೆ, ಹೆಚ್ಚೆಂದ್ರೆ 82 ಸಲದವರೆಗೆ ಓದುತ್ತೆ. ಒಂದು ಡಿಸ್ಕಿಗೆ ತಾಸುಗಟ್ಟಲೆ ಹಿಡಿದ್ರೆ ಗಾಬರಿ ಬೇಡ.
ಡ್ರೈವ್ ಆಪ್ಷನ್ಸ್‌ನಲ್ಲಿ ಸೆಕ್ಯೂರ್ ಆರಿಸಿ, ಒಂದು ಚೊಕ್ಕ ಸಿಡಿ ಹಾಕಿ ‘ಡಿಟೆಕ್ಟ್ ರೀಡ್ ಫೀಚರ್ಸ್’ ಒತ್ತಿ. ಆಮೇಲೆ ಬರೀ ‘ಕಾಪಿ’ ಬೇಡ, ‘ಟೆಸ್ಟ್ ಅಂಡ್ ಕಾಪಿ’ ಕೊಡಿ. ಎರಡು ಓಟದ ಸಿಆರ್‌ಸಿ ಸಂಖ್ಯೆ (ಓದಿದ ಡೇಟಾದಿಂದ ಲೆಕ್ಕ ಹಾಕೋ ತಾಳೆ ಸಂಖ್ಯೆ) ಒಂದೇ ಬಂದ್ರೆ ಆ ಟ್ರ್ಯಾಕು ಸರಿಯಾಗಿದೆ ಅಂತ ನಂಬಬಹುದು. ಡ್ರೈವನ್ನ ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ಕರೆಂಟಿಲ್ಲದ ಹಬ್‌ಗೆ ಚುಚ್ಚಿದ್ರೆ ಡಿಸ್ಕು ವೇಗ ಹಿಡಿಯೋವಾಗ ಡ್ರೈವ್ ಕೈಕೊಡುತ್ತೆ.

ಬಿಟ್‌ಬೈಟ್:
ಫಾರ್ಮ್ಯಾಟ್ ಬಗ್ಗೆ ನಾನು ಹೇಳ್ತೀನಿ. ಫ್ಲ್ಯಾಕ್ ಮಾಡಿಟ್ಟುಕೊಳ್ಳಿ, ಎಂಪಿ3 ಬೇಕಾದಾಗ ಅದರಿಂದ ತೆಗೀಬಹುದು. ಒಂದು ತಾಸಿನ ಕಚೇರಿ ವೇವ್‌ನಲ್ಲಿ (ಕುಗ್ಗಿಸದ ಫೈಲು) 635 ಎಂಬಿ, ಫ್ಲ್ಯಾಕ್‌ನಲ್ಲಿ ಹೆಚ್ಚುಕಮ್ಮಿ ಅದರ ಅರ್ಧ, 320 ಕೆಬಿಪಿಎಸ್ ಎಂಪಿ3 ಆದ್ರೆ 144. ನಿಮ್ಮದು 60 ಡಿಸ್ಕು ಅಂದ್ರೂ ಫ್ಲ್ಯಾಕ್ 20 ಜಿಬಿ ಆಸುಪಾಸು, ಪೆನ್‌ಡ್ರೈವಿನಲ್ಲೇ ಹಿಡಿಸುತ್ತೆ. ಫ್ಲ್ಯಾಕ್ ಕುಗ್ಗಿಸೋ ಲೆವೆಲ್ 5 ಇರಲಿ 8 ಇರಲಿ, ನಾದ ಒಂದೇ. ಫೈಲಿನ ಗಾತ್ರ ಚೂರು ವ್ಯತ್ಯಾಸ.
ಆಲಾಪನೆ ಕಡಿಯೋದಕ್ಕೆ ಕಾರಣ ಎಂಪಿ3. ಅದು 1152 ಸ್ಯಾಂಪಲ್‌ಗಳ, ಅಂದ್ರೆ ಸುಮಾರು 26 ಮಿಲಿಸೆಕೆಂಡಿನ ತುಂಡುಗಳಲ್ಲಿ ಕಟ್ಟುತ್ತೆ. ಟ್ರ್ಯಾಕು ಅಷ್ಟಕ್ಕೇ ಸರಿಯಾಗಿ ಮುಗಿಯಲ್ಲ, ಹಿಂದೆ ಮುಂದೆ ಮೌನ ತುಂಬುತ್ತೆ. ಚಿತ್ರಗೀತೆಯಲ್ಲಿ ಯಾರಿಗೂ ಗೊತ್ತಾಗಲ್ಲ, ಆದ್ರೆ ತಂಬೂರಿ ಎಡೆಬಿಡದೆ ನುಡೀತಿರೋ ಕಚೇರಿಯಲ್ಲಿ ಕಿವಿಗೆ ಚುಚ್ಚುತ್ತೆ. ಎಂಪಿ3 ಮಾಡೋ ಲೇಮ್ ಎನ್‌ಕೋಡರ್ ಎಷ್ಟು ತುಂಬಿದೆ ಅಂತ ಫೈಲಿನ ತಲೆಯಲ್ಲಿ ಬರೆದಿಡುತ್ತೆ, ಒಳ್ಳೆ ಪ್ಲೇಯರ್‌ಗಳು ಅದನ್ನ ಓದಿ ಕತ್ತರಿಸುತ್ತವೆ. ಕಾರಿನ ಸ್ಟೀರಿಯೋಗಳು ಬಹುಪಾಲು ಕ್ಯಾರೇ ಅನ್ನಲ್ಲ. ಅದಕ್ಕೇ ಕಾರಿಗೆ ಅಂತ ಆಲಾಪನೆ, ಕೃತಿ, ತನಿ ಮೂರನ್ನೂ ಎಕ್ಸಾಕ್ಟ್ ಆಡಿಯೋ ಕಾಪಿಯ ‘ಕಾಪಿ ರೇಂಜ್’ನಿಂದ ಒಂದೇ ಫೈಲಾಗಿ ತೆಗೆದು ಎಂಪಿ3 ಮಾಡಿ. ಫ್ಲ್ಯಾಕ್‌ನಲ್ಲಿ ಬೇರೆ ಬೇರೆ ಟ್ರ್ಯಾಕಾಗಿದ್ರೂ ತೊಂದರೆ ಇಲ್ಲ, ಗ್ಯಾಪ್ ಸೆಟ್ಟಿಂಗ್ ಮುಟ್ಟಬೇಡಿ.
ಹೆಸರುಗಳನ್ನ ಎಂಪಿ3ಟ್ಯಾಗ್ ಅನ್ನೋ ಸಾಫ್ಟ್‌ವೇರಿನಲ್ಲಿ ಹಾಕಿ. ವಾಗ್ಗೇಯಕಾರರು ಕಂಪೋಸರ್ ಜಾಗಕ್ಕೆ, ಹಾಡಿದವರು ಆರ್ಟಿಸ್ಟ್ ಜಾಗಕ್ಕೆ. ಇದನ್ನ ಅದಲುಬದಲು ಮಾಡಿದ್ರೆ ಆಮೇಲೆ ಪುರಂದರದಾಸರೇ ಹಾಡಿದ ಹಾಗಾಗುತ್ತೆ! ಫ್ಲ್ಯಾಕ್‌ನಲ್ಲಿ ರಾಗ, ತಾಳ ಅಂತ ನಿಮ್ಮದೇ ಜಾಗ ಮಾಡಿಕೊಳ್ಳಬಹುದು. ಕನ್ನಡ ಲಿಪಿಯಲ್ಲೇ ಬರೀಬಹುದು, ಆದ್ರೆ ಎಷ್ಟೋ ಕಾರುಗಳಲ್ಲಿ ಚೌಕ ಡಬ್ಬಿಗಳು ಕಾಣ್ತವೆ. ಕಾರಿನ ಪ್ರತಿಗೆ ಇಂಗ್ಲಿಷ್ ಅಕ್ಷರ ಇರಲಿ, ಟ್ಯಾಗ್ (ಫೈಲಿನೊಳಗಿನ ಹೆಸರುಚೀಟಿ) ಐಡಿ3 2.3 ಇರಲಿ, ಪೆನ್‌ಡ್ರೈವ್ ಫಾರ್ಮ್ಯಾಟ್ ಫ್ಯಾಟ್32 ಇರಲಿ.

ಹಳೇಡಿಸ್ಕು:
ಮೂರು ಡಿಸ್ಕು ಮಾಡಿದೆ, ಧನ್ಯವಾದ. ಒಂದರಲ್ಲಿ 3ನೇ ಟ್ರ್ಯಾಕಿಗೆ ಕ್ವಾಲಿಟಿ 98.7% ಅಂತಿದೆ, ಸಿಆರ್‌ಸಿ ಎರಡೂ ಒಂದೇ. ಅಕ್ಯುರೇಟ್‌ರಿಪ್ ‘ಡೇಟಾಬೇಸಿನಲ್ಲಿ ಇಲ್ಲ’ ಅನ್ನುತ್ತೆ. ಟಕಟಕ ಡಿಸ್ಕಿನ 7ನೇ ಟ್ರ್ಯಾಕಿನಲ್ಲಿ ‘ಸಸ್ಪಿಷಿಯಸ್ ಪೊಸಿಷನ್’ (ಅನುಮಾನದ ಜಾಗ) ಮೂರು ಕಡೆ, ಸಿಆರ್‌ಸಿ ಬೇರೆ ಬೇರೆ.

ಶ್ರುತಿಪೆಟ್ಟಿಗೆ:
98.7 ಅಂದ್ರೆ ಉಳಿದ 1.3 ಕೆಟ್ಟಿದೆ ಅಂತಲ್ಲ, ಕೆಲವು ಕಡೆ ಮತ್ತೆ ಮತ್ತೆ ಓದಬೇಕಾಯ್ತು ಅಂತ. ಸಿಆರ್‌ಸಿ ಹೊಂದಿದೆಯಲ್ಲ, ಬಿಡಿ. ಅಕ್ಯುರೇಟ್‌ರಿಪ್ ಅಂದ್ರೆ ಅದೇ ಡಿಸ್ಕನ್ನ ಬೇರೆಯವರು ತೆಗೆದ ಲೆಕ್ಕದ ಜೊತೆ ಹೋಲಿಸೋದು. ಬೇರೆ ಯಾರೂ ಕಳಿಸಿಲ್ಲದಿದ್ರೆ ಹೋಲಿಸೋಕೆ ಏನೂ ಇಲ್ಲ, ಅಷ್ಟೇ.
7ನೇ ಟ್ರ್ಯಾಕಿಗೆ ಡಿಸ್ಕು ನೋಡಬೇಕು. ಸಿಡಿ ಓದೋದು ಒಳಗಿನಿಂದ ಹೊರಕ್ಕೆ. ಅದು ಕೊನೆಕೊನೆಯ ಟ್ರ್ಯಾಕಾಗಿದ್ದು ಡಿಸ್ಕು ತುಂಬಿದ್ರೆ ದೋಷ ಹೊರ ಅಂಚಿನ ಹತ್ತಿರ, ಬೆರಳು ತಾಗೋ ಜಾಗದಲ್ಲೇ ಇರುತ್ತೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಹತ್ತಿ ಬಟ್ಟೆ. ಮಧ್ಯದಿಂದ ಅಂಚಿಗೆ ನೇರ ಒರೆಸಿ, ಸುತ್ತ ಉಜ್ಜಬೇಡಿ. ಮಧ್ಯದಿಂದ ಅಂಚಿನ ಕಡೆಗೆ ಅಡ್ಡ ಗೀರಿದ್ರೆ ಸಿಡಿಯೇ ಸರಿಮಾಡಿಕೊಳ್ಳುತ್ತೆ, ಟ್ರ್ಯಾಕಿನುದ್ದ ಸುಮಾರು 2.5 ಮಿಲಿಮೀಟರ್‌ವರೆಗಿನ ಪೆಟ್ಟು ತಡಕೊಳ್ಳುತ್ತೆ. ದುಂಡಗೆ ಬಿದ್ದ ಗೀರು ಅದಕ್ಕಿಂತ ಉದ್ದ ತಿಂದುಬಿಡುತ್ತೆ. ನೇಲ್ ಪಾಲಿಶ್ ರಿಮೂವರ್, ಥಿನ್ನರ್ ಸೋಕಿಸಬೇಡಿ, ಪ್ಲಾಸ್ಟಿಕ್ಕೇ ಮಂಜಾಗುತ್ತೆ.
ಆಮೇಲೆ ಡ್ರೈವ್ ಓದೋ ವೇಗ 8ಎಕ್ಸ್‌ಗೆ (ಮಾಮೂಲಿ ಹಾಡೋ ವೇಗದ ಎಂಟು ಪಟ್ಟಿಗೆ) ಇಳಿಸಿ ಅದೊಂದೇ ಟ್ರ್ಯಾಕು ಮತ್ತೆ ತೆಗೀರಿ.

ಪೆಂಗ್ವಿನ್‌ಪುಟ್ಟ:
ಲಿನಕ್ಸ್‌ನವರಿಗೆ: ವಿಪ್ಪರ್ ಹಾಕ್ಕೊಳ್ಳಿ, ಅಕ್ಯುರೇಟ್‌ರಿಪ್ ಅದರಲ್ಲೂ ಇದೆ. ಮ್ಯಾಕ್‌ಗೆ ಎಕ್ಸ್‌ಎಲ್‌ಡಿ.

ಹಳೇಡಿಸ್ಕು:
ತೊಳೆದು 8ಎಕ್ಸ್‌ನಲ್ಲಿ ಓಡಿಸಿದೆ, ಮೂರರಲ್ಲಿ ಎರಡು ಹೋಯ್ತು, ಒಂದು ಉಳಿದಿದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಲಾ?

ಬಿಟ್‌ಬೈಟ್:
ತಡೀರಿ. ಮೊದಲು ಡಿಸ್ಕನ್ನ ಬಲ್ಬಿಗೆ ಹಿಡಿದು ಹೆಸರು ಅಚ್ಚಾಗಿರೋ ಬದಿಯಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದ್ರೆ ಅಲ್ಲಿ ಅಲ್ಯೂಮಿನಿಯಂ ಪದರವೇ ಹೋಗಿದೆ. ಆ ಪದರ ಇರೋದು ಹೆಸರಿನ ಬದಿಯಲ್ಲಿ, ತೆಳು ಲ್ಯಾಕರ್ ಕೆಳಗೆ. ಹೊಳೆಯೋ ಬದಿಯಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ ಕಾಪಾಡುತ್ತೆ. ಪದರ ಹೋಗಿದ್ರೆ ಪೇಸ್ಟು ಹಚ್ಚಿ ಏನೂ ಗಿಟ್ಟಲ್ಲ. ತೂತಿಲ್ಲದೆ ಬರೀ ಕೆಳಬದಿಯ ಗೀರಾದ್ರೆ, ಬೇರೆ ಡ್ರೈವಿನಲ್ಲಿ ಒಮ್ಮೆ ಹಾಕಿ ನೋಡಿ. ಒಂದು ಡ್ರೈವ್ ತೊದಲಿದ್ದನ್ನ ಇನ್ನೊಂದು ಸಲೀಸಾಗಿ ಓದೋದು ಮಾಮೂಲು. ಅದೂ ಆಗದಿದ್ರೆ ಮಾತ್ರ ಪೇಸ್ಟು, ಅದೂ ಬಿಳಿಯದು, ಜೆಲ್ ಬೇಡ. ಉಳಿದ ಟ್ರ್ಯಾಕುಗಳನ್ನೆಲ್ಲ ತೆಗೆದಿಟ್ಟುಕೊಂಡ ಮೇಲೆ.

ಹಳೇಡಿಸ್ಕು:
ತೂತಿಲ್ಲ. ಪಕ್ಕದ ಮನೆಯ ಹಳೇ ಡೆಸ್ಕ್‌ಟಾಪ್ ಡ್ರೈವಿನಲ್ಲಿ ಸಿಆರ್‌ಸಿ ಎರಡೂ ಒಂದೇ ಬಂತು.