ಬಗ್ಗುವ, ಹಿಗ್ಗುವ, ಮಡಚುವ: ಮೈಗೆ ಅಂಟಿಸುವ ಸೆನ್ಸರ್‌ಗೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಕೆಲವು ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಾಡಿ ಬಡಿತ ಎಣಿಸುವ ಅಗ್ಗದ ಪಟ್ಟಿಯೊಂದನ್ನು ಮಾಡುತ್ತಿದ್ದಾರೆ. ಮಣಿಕಟ್ಟಿಗೆ ಅಂಟಿಸುವಂಥದ್ದು. ಅದರ ಜೊತೆಗೆ ಕೊಡುವ ಕನ್ನಡದ ಚೀಟಿ ಬರೆದುಕೊಡುವ ಕೆಲಸ ನನ್ನದು. ಓದುವವರು ಆಶಾ ಕಾರ್ಯಕರ್ತೆಯರು, ಮನೆಯಲ್ಲಿರುವ ವಯಸ್ಸಾದವರು. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಮೇಲೊಂದು ಬಂತಲ್ಲ, ಆವಾಗಿನಿಂದ ಎದೆ ಸ್ವಲ್ಪ ಹಿಡಿದರೂ ಜನ ಹೆದರುತ್ತಾರೆ. ಹಾಗಾಗಿ ಚೀಟಿಯ ಒಂದು ಮಾತೂ ತಪ್ಪು ಅರ್ಥ ಕೊಡಬಾರದು.

ಇಂಗ್ಲಿಷಿನಲ್ಲಿ ಇಂಥ ಪಟ್ಟಿಗೆ ‘ಫ್ಲೆಕ್ಸಿಬಲ್ ಸೆನ್ಸರ್’ ಅನ್ನುತ್ತಾರೆ. ನನಗೆ ತೊಡಕಾಗಿರುವುದು ‘ಫ್ಲೆಕ್ಸಿಬಲ್’ ಎಂಬಲ್ಲಿ. ‘ನಮ್ಯ ಸಂವೇದಕ’ ಅಂತ ಬರೆದರೆ ತಪ್ಪೇನಿಲ್ಲ, ಆದರೆ ಅರಕಲಗೂಡಿನ ಹಳ್ಳಿಯ ಅಜ್ಜಿಗೆ ಅದು ಏನನ್ನೂ ಹೇಳುವುದಿಲ್ಲ. ‘ಹೊಂದಿಕೊಳ್ಳುವ’ ಎಂಬುದು ಮನುಷ್ಯರ ಸ್ವಭಾವಕ್ಕೆ ಆಡುವ ಮಾತು. ‘ಬಳುಕುವ’ ಕೇಳಲು ಚೆನ್ನಾಗಿದೆ. ಆದರೆ ಬಳುಕುವುದು ಬಳ್ಳಿ, ಸೊಂಟ. ಅದರಲ್ಲಿ ತಾನಾಗಿ ಓಲಾಡುವ ಭಾವ ಇದೆ. ಈ ಪಟ್ಟಿ ನಾವು ಬಗ್ಗಿಸಿದರೆ ಮಾತ್ರ ಬಗ್ಗುತ್ತದೆ. ಕಾಫಿ ಗಿಡದ ಕೊಂಬೆ ಬಗ್ಗಿಸಿ ಹಣ್ಣು ಕುಯ್ಯುವ ಸಕಲೇಶಪುರದವರಿಗೆ ‘ಬಗ್ಗುವ ಪಟ್ಟಿ’ ಅಂದರೆ ಸಾಕು, ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ‘ಬಗ್ಗುವ’ ಒಂದೇ ಸಾಲದು. ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ತೆಳು ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಬೂದು ಬಣ್ಣದ ಎರಡು ಗೆರೆ. ಅವು ಬೆಳ್ಳಿ ಇಂಕಿನವು. ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ರೀತಿಯಲ್ಲೇ ಎಳೆದದ್ದು, ಬೆಲೆ ಇಳಿದಿರುವುದೂ ಅದರಿಂದಲೇ. ಎರಡು ಗೆರೆಗಳ ನಡುವೆ ಕಾರ್ಬನ್ ಬೆರೆಸಿದ ಸಿಲಿಕೋನ್ ರಬ್ಬರಿನ ಸಣ್ಣ ತುಂಡು ಕೂತಿದೆ. ಒಂದೊಂದು ಬಡಿತಕ್ಕೂ ಚರ್ಮ ಕೂದಲೆಳೆಯಷ್ಟು ಏಳುತ್ತದೆ, ರಬ್ಬರು ಹಿಗ್ಗುತ್ತದೆ, ಒಳಗಿನ ಕಾರ್ಬನ್ ಕಣಗಳು ದೂರ ಸರಿದು ಕರೆಂಟು ಹರಿಯುವುದು ಕಷ್ಟವಾಗುತ್ತದೆ. ಆ ಏರಿಳಿತವನ್ನೇ ಎಣಿಸುವುದು. ಅಂದರೆ ಹಾಳೆ ಬಗ್ಗುತ್ತದೆ, ಹಿಗ್ಗುವುದಿಲ್ಲ. ರಬ್ಬರು ಬಗ್ಗುತ್ತದೆ, ಹಿಗ್ಗುತ್ತದೆ. ಹಾಳೆಯನ್ನು ಮಡಚಿ ಗೆರೆ ಮೂಡಿಸಿದರೆ ಬೆಳ್ಳಿ ಬಿರುಕು ಬಿಡುತ್ತದೆ, ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಮೂರಕ್ಕೂ ಒಂದೇ ಪದ ಹಾಕಿದರೆ ಓದಿದವರು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಅಲ್ವಾ?

ಈ ವ್ಯತ್ಯಾಸ ಸಣ್ಣದಲ್ಲ. ಕೀಲುಗಳ ಮೇಲಿನ ಚರ್ಮ ಶೇ. 30ರಷ್ಟು ಹಿಗ್ಗಬಲ್ಲದು, ಲೋಹ ಅಷ್ಟು ಹಿಗ್ಗುವುದಿಲ್ಲ. 2011ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಅವರ ತಂಡ ಚರ್ಮದ ಮೇಲೆ ಅಂಟು ಹಚ್ಚೆಯಂತೆ ಕೂರುವ ಸರ್ಕ್ಯೂಟ್ ತೋರಿಸಿತು. ಅವರು ತಂತಿಯನ್ನು ನೇರ ಎಳೆಯದೆ ಹಾವಿನ ಹಾಗೆ ಅಂಕುಡೊಂಕಾಗಿ ಎಳೆದರು. ಎಳೆದಾಗ ಆ ತಿರುವುಗಳು ಬಿಚ್ಚಿಕೊಳ್ಳುತ್ತವೆ, ಲೋಹ ತುಂಡಾಗುವುದಿಲ್ಲ.

‘ಹಿಗ್ಗು’ ಎಂದರೆ ಸಂತೋಷ ಎಂಬ ಅರ್ಥವೂ ಇದೆ, ಗೊತ್ತು. ಆದರೂ ‘ಜಗ್ಗುವ’ಕ್ಕಿಂತ ಅದೇ ಮೇಲು. ‘ಜಗ್ಗಿ ನೋಡಿ’ ಅಂದರೆ ಜೋರಾಗಿ ಎಳೆಯಿರಿ ಅಂತ ಆಗುತ್ತದೆ.

ಇನ್ನು ‘ವೇರಬಲ್’, ಅಂದರೆ ಮೈಮೇಲೆ ಹಾಕಿಕೊಳ್ಳುವಂಥದ್ದು. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂವು ಮುಡಿಯುತ್ತೇವೆ, ವಾಚು ಕಟ್ಟುತ್ತೇವೆ. ಪಟ್ಟಿಗೆ ‘ಧರಿಸಿ’ ಅಂತ ಬರೆದರೆ ಜನ ಬಟ್ಟೆಯ ಮೇಲೆ ಕಟ್ಟಿಕೊಂಡಾರು ಎಂಬ ಭಯ ನನಗಿದೆ. ಇದು ಚರ್ಮಕ್ಕೆ ತಾಗಿಕೊಂಡೇ ಇರಬೇಕು, ಬೆವರು ಒರೆಸಿ ಹಾಕಬೇಕು. ಅದಕ್ಕೆ ಸುಮ್ನೆ ‘ಅಂಟಿಸಿಕೊಳ್ಳಿ’ ಎಂದೇ ಬರೆದಿದ್ದೇನೆ. ಸೆನ್ಸರ್ ಪದವನ್ನು ಹಾಗೇ ಉಳಿಸಿದ್ದೇನೆ, ಅದು ಈಗ ಎಲ್ಲರಿಗೂ ಗೊತ್ತು.

ನನಗೆ ಜಾಸ್ತಿ ಚಿಂತೆ ಇರುವುದು ‘ನಾಡಿ ನೋಡುತ್ತದೆ’ ಎಂಬ ಮಾತಿನ ಬಗ್ಗೆ. ನಮ್ಮ ಕಡೆ ನಾಡಿ ನೋಡುವವರು ಪಂಡಿತರು. ನೋಡಿದ ಮೇಲೆ ಕಾಯಿಲೆ ಏನು ಅಂತ ಹೇಳುತ್ತಾರೆ. ಈ ಪಟ್ಟಿ ಬಡಿತ ಎಣಿಸುತ್ತದೆ, ಅಷ್ಟೇ. ಬಡಿತ ಸರಿಯಾಗಿದ್ದಾಗಲೂ ಹೃದಯಾಘಾತ ಆಗಿರಬಹುದು. ಅದನ್ನು ಪತ್ತೆ ಮಾಡಲು ಇಸಿಜಿ, ರಕ್ತಪರೀಕ್ಷೆ ಬೇಕು. ಆದ್ದರಿಂದ ‘ನಾಡಿ ಬಡಿತ ಎಣಿಸುತ್ತದೆ’ ಎಂದು ಬರೆದು, ಕೆಳಗೆ ದಪ್ಪಕ್ಷರದಲ್ಲಿ ‘ಎದೆನೋವು ಬಂದರೆ ಪಟ್ಟಿ ಏನೇ ತೋರಿಸಲಿ, ತಕ್ಷಣ 108ಕ್ಕೆ ಕರೆ ಮಾಡಿ’ ಎಂದು ಹಾಕಿದ್ದೇನೆ. ‘ಬಿಪಿ’ ಪದವನ್ನು ಎಲ್ಲೂ ಬಳಸಿಲ್ಲ. ‘ಬಿಪಿ ಇದೆ’ ಅಂದರೆ ನಮ್ಮಲ್ಲಿ ಕಾಯಿಲೆ ಇದೆ ಅಂತಲೇ ಅರ್ಥ.

ಆಲೂರು, ಬೇಲೂರು, ಮೂಡಿಗೆರೆ ಕಡೆಯವರು ದಯವಿಟ್ಟು ತಿಳಿಸಿ. ನಿಮ್ಮ ಮನೆಮಾತಿನಲ್ಲಿ ರಬ್ಬರಿನ ಹಾಗೆ ಉದ್ದವಾಗಿ ಮತ್ತೆ ಮೊದಲಿನಂತೆ ಆಗುವುದಕ್ಕೆ ‘ಹಿಗ್ಗು’ ಬಿಟ್ಟು ಬೇರೆ ಪದ ಇದೆಯೇ? ‘ಮಡಚಬೇಡಿ’ ಎನ್ನುವುದು ನಿಮ್ಮಲ್ಲಿ ಸರಿಯಾಗಿ ಅರ್ಥವಾಗುತ್ತದೆಯೇ, ‘ಮಡಿಸಬೇಡಿ’ ಅನ್ನಬೇಕೇ? ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು. ಅಚ್ಚಿಗೆ ಹೋಗುವ ಮೊದಲು ತಿದ್ದಿಕೊಳ್ಳುತ್ತೇನೆ.